ಲಾಕ್‌ಡೌನ್ ಪರಿಹಾರ ಯಾವ ಗದ್ದೆಗೆ ಬಂತು ಅಂತ ಊರಿನವರು ಕೇಳಬಾರದಾ?

ಹೆದ್ದಾರಿ ಬದಿ ಗದ್ದೆ, ಕುಮಟಾ

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನವಳು. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಈರುಳ್ಳಿ ಹಾಕುತ್ತೇವೆ. ಅಂಚಿಗೆ ಹರಿವೆ, ಮೂಲಂಗಿ, ಮೊಗೆಕಾಯಿ. ಸ್ವಂತದ್ದು 20 ಗುಂಟೆ, ಯಜಮಾನರ ಹೆಸರಿನಲ್ಲಿದೆ. ಪಕ್ಕದ 1 ಎಕರೆ ಗೇಣಿಗೆ ಮಾಡುತ್ತೇವೆ. ಅದರ ಒಡೆಯರು ಮುಂಬೈಯಲ್ಲಿದ್ದಾರೆ. ಒಳ್ಳೆಯ ಜನ. ದೇವರ ಕಾರ್ಯಕ್ಕೆ ಊರಿಗೆ ಬಂದರೆ ಊಟ ನಮ್ಮನೆಯಲ್ಲೇ. ಅವರ ಮೇಲೆ ನನ್ನ ದೂರು ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಪ್ರಶ್ನೆ ಇದು. 2020ರಲ್ಲಿ ಮತ್ತು 2021ರಲ್ಲಿ ಹಣ್ಣು, ತರಕಾರಿ ಬೆಳೆದವರಿಗೆ ರಾಜ್ಯ ಸರ್ಕಾರ ಲಾಕ್‌ಡೌನ್ ಪರಿಹಾರ ಕೊಟ್ಟಿತಲ್ಲ, ನಮ್ಮ ಊರಿನಲ್ಲಿ ಅದು ಯಾವ ಗದ್ದೆಗೆ ಬಂತು, ಯಾವ ಬೆಳೆಗೆ ಬಂತು, ಎಷ್ಟು ಬಂತು ಅನ್ನುವ ಪಟ್ಟಿ ನೋಡುವುದು ಹೇಗೆ? ನೋಡುವ ಹಕ್ಕು ನಮಗೆ ಇದೆಯಾ?

ಇಷ್ಟು ವರ್ಷ ಆದ ಮೇಲೆ ಯಾಕೆ ಅಂತ ಕೇಳಬಹುದು. ಮೊನ್ನೆ ವಾರ್ಡ್ ಸಭೆಯಲ್ಲಿ ಬೆಳೆ ಸಮೀಕ್ಷೆಯ, ಅಂದರೆ ಯಾವ ಗದ್ದೆಯಲ್ಲಿ ಏನು ಬೆಳೆ ಇದೆ ಅಂತ ಸರ್ಕಾರ ಬರೆದುಕೊಳ್ಳುವುದರ ಮಾತು ಬಂತು. ಮುಂದೆ ಯಾವ ಪರಿಹಾರ ಬಂದರೂ ಸಮೀಕ್ಷೆ ನೋಡಿಯೇ ಕೊಡುವುದು ಅಂದರು. ಹಾಗಾದರೆ ಹಿಂದಿನ ಸಲ ಅದೇ ಸಮೀಕ್ಷೆ ನಮ್ಮ ಊರನ್ನು ಹೇಗೆ ನೋಡಿತ್ತು ಅಂತ ತಿಳಿಯುವುದು ಬೇಡವಾ? ಅಲ್ಲಿಂದ ಈ ಯೋಚನೆ ಹತ್ತಿದೆ.

2020ರಲ್ಲಿ ಬೆಳೆ ಬಹಳ ಚೆನ್ನಾಗಿತ್ತು. ನಮ್ಮ ಈರುಳ್ಳಿ ಘಟ್ಟದ ಮೇಲಿನದರ ಹಾಗಲ್ಲ. ಸಿಹಿ ಜಾಸ್ತಿ, ನೀರೂ ಜಾಸ್ತಿ. ಚೀಲ ತುಂಬಿ ಗೋದಾಮಿನಲ್ಲಿ ಇಡುವ ಮಾಲಲ್ಲ. ಕಿತ್ತು, ಎಲೆ ಬಾಡಿಸಿ, ಎಲೆಗೆ ಎಲೆ ಸೇರಿಸಿ ಹೆಣೆದು ಗೊಂಚಲು ಮಾಡುತ್ತೇವೆ. ಹೆದ್ದಾರಿ ಬದಿಯಲ್ಲಿ ಗೂಟ ಹುಗಿದು, ಬಿದಿರು ಅಡ್ಡ ಕಟ್ಟಿ ನೇತುಹಾಕುತ್ತೇವೆ. ಅಳ್ವೇಕೋಡಿ, ಹಂದಿಗೋಣದ ಕಡೆ ಓಡಾಡಿದವರು ನೋಡಿಯೇ ಇರುತ್ತೀರಿ. ಗೋವಾಕ್ಕೆ ಹೋಗುವ ಕಾರು, ಗೋಕರ್ಣಕ್ಕೆ ಬಂದ ಬಸ್ಸು ನಿಲ್ಲುತ್ತವೆ, ಜನ ಇಳಿದು ಚೌಕಾಸಿ ಮಾಡಿ ತಗೊಂಡು ಹೋಗುತ್ತಾರೆ. ಮಾರ್ಚಿನಿಂದ ಮಳೆಗಾಲ ಹಿಡಿಯುವ ತನಕ ಅದೇ ನಮ್ಮ ಪೇಟೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಈರುಳ್ಳಿ ಆಗಷ್ಟೇ ಕಿತ್ತಿದ್ದೆವು.

ಎಲ್ಲವನ್ನೂ ಹೊತ್ತು ತಂದು ಜಗುಲಿಯ ಪಕಾಸಿಗೆ ಕಟ್ಟಿದೆವು. ಜಾಗ ಸಾಲದೆ ಕೊಟ್ಟಿಗೆಯಲ್ಲೂ ಕಟ್ಟಿದೆವು. ಅಕ್ಕಪಕ್ಕದವರಿಗೆ ಕೊಟ್ಟೆವು, ಆದರೆ ಅವರ ಮನೆಯಲ್ಲೂ ಅದೇ ಇತ್ತು. ಮಳೆ ಹಿಡಿದ ಮೇಲೆ ಒಂದೊಂದೇ ಗೊಂಚಲು ಮೆತ್ತಗಾಗಿ ರಾತ್ರಿ ಕೆಳಗೆ ಬೀಳುತ್ತಿತ್ತು. ಬೆಳಿಗ್ಗೆ ಎದ್ದರೆ ನೆಲವೆಲ್ಲ ಅಂಟು, ಮನೆ ತುಂಬ ಕೊಳೆತ ವಾಸನೆ. ಬುಟ್ಟಿಗಟ್ಟಲೆ ಒಯ್ದು ತೆಂಗಿನ ಬುಡಕ್ಕೆ ಸುರಿದೆವು. ಅತ್ತೆಯವರು ಒಂದೊಂದನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಗಟ್ಟಿ ಇದ್ದದ್ದನ್ನು ಬೀಜಕ್ಕೆ ಅಂತ ಬೇರೆ ಇಟ್ಟರು.

ಪರಿಹಾರ ಹೆಕ್ಟೇರಿಗೆ 15,000 ರೂಪಾಯಿ. ಗುಂಟೆಗೆ ಲೆಕ್ಕ ಹಾಕಿದರೆ 150ರ ಆಸುಪಾಸು. ನಮ್ಮ 20 ಗುಂಟೆಯ ದುಡ್ಡು ಯಜಮಾನರ ಖಾತೆಗೆ ಬಂತು. ಗೇಣಿ ಎಕರೆಯದ್ದು ನಮಗೆ ಬರಲಿಲ್ಲ, ಬರುವುದಿಲ್ಲ ಅಂತ ಮೊದಲೇ ಗೊತ್ತಿತ್ತು, ಪಹಣಿ, ಅಂದರೆ ಜಮೀನಿನ ದಾಖಲೆ, ನಮ್ಮ ಹೆಸರಿನಲ್ಲಿಲ್ಲ. ಆದರೆ ಆ ಎಕರೆಗೆ ಅಂತ ಸರ್ಕಾರ ದುಡ್ಡು ಕೊಟ್ಟಿತೋ ಇಲ್ಲವೋ? ಕೊಟ್ಟಿದ್ದರೆ ಒಡೆಯರ ಹತ್ತಿರ ಮಾತಾಡಬಹುದು, ಅವರು ಇಲ್ಲ ಅನ್ನುವವರಲ್ಲ. ಕೊಡದೇ ಇದ್ದರೆ ಅದಕ್ಕಿಂತ ದೊಡ್ಡ ಚಿಂತೆ. ನಾವು ಬೆನ್ನು ಬಗ್ಗಿಸಿ ಈರುಳ್ಳಿ ಬೆಳೆದ ಗದ್ದೆಯನ್ನು ಸರ್ಕಾರದ ಪುಸ್ತಕದಲ್ಲಿ ಬೀಳು ಅಂತ ಬರೆದುಕೊಂಡಿದ್ದಾರಾ?

ನಮ್ಮ ಕೇರಿಯಲ್ಲಿ ಒಬ್ಬರು ವಿಧವೆ ಅಕ್ಕ ಇದ್ದಾರೆ. ಗದ್ದೆ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ, ಅಂದರೆ ವಾರಸುದಾರರ ಹೆಸರಿಗೆ ಬದಲಾಗಿಲ್ಲ, ಮೈದುನಂದಿರೆಲ್ಲ ಬೇರೆ ಬೇರೆ ಊರಲ್ಲಿ. ನನಗಿಂತ ಚೆಂದ ಬದನೆ ಬೆಳೆಯುತ್ತಾರೆ. ಅವರಿಗೆ ಒಂದು ಪೈಸೆಯೂ ಬಂದಿಲ್ಲ. ಯಾರೂ ಕೇಳಲೂ ಇಲ್ಲ.

ಪಟ್ಟಿ ಕೇಳಲು ಹೋದೆ. ಕಚೇರಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿ ಕೂತವರಿಗೂ ಕೆಲಸ ಜಾಸ್ತಿ ಇತ್ತು. "ಅದು ಬೇರೆಯವರ ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ" ಅಂದರು. ಆದರೆ ಪಿಎಂ ಕಿಸಾನ್ ಜಾಲತಾಣದಲ್ಲಿ ನಮ್ಮ ಊರಿನ ಹೆಸರು ಒತ್ತಿದರೆ ಫಲಾನುಭವಿಗಳ ಹೆಸರೆಲ್ಲ ಸಾಲಾಗಿ ಬರುತ್ತದೆ, ನನ್ನ ಮಗಳೇ ಮೊಬೈಲಿನಲ್ಲಿ ತೋರಿಸಿದಳು. ಕೇಂದ್ರದ 2,000 ಯಾರಿಗೆ ಬಂತು ಅಂತ ನೋಡಬಹುದು, ರಾಜ್ಯದ ಈ ಪರಿಹಾರದ 3,000 ಯಾರಿಗೆ ಬಂತು ಅಂತ ನೋಡಬಾರದು. ಇದು ಹೇಗೆ?

ಊರಿನಲ್ಲಿ ಇನ್ನೊಂದು ಮಾತು ಬಂತು. "ಮತ್ತೊಬ್ಬರ ಅನ್ನಕ್ಕೆ ಯಾಕೆ ಕಣ್ಣು ಹಾಕುತ್ತೀ?" ಹೇಳಿದವರು ಹಿರಿಯರು, ಎದುರು ಮಾತಾಡಲಿಲ್ಲ. ಆದರೆ ನನಗೆ ಬೇಕಾದದ್ದು ಬಂದವರ ಹೆಸರಲ್ಲ. ಬಾರದೇ ಉಳಿದವರದ್ದು. ಬಂದವರ ಪಟ್ಟಿ ಕೈಗೆ ಸಿಗದೆ ಉಳಿದವರನ್ನು ಹುಡುಕುವುದು ಹೇಗೆ ಹೇಳಿ.

ಗೊತ್ತಿದ್ದವರು ದಯವಿಟ್ಟು ದಾರಿ ಹೇಳಿ.

---

ಹಳೇ ಕಡತ, ಶಿರಸಿ

ತಂಗಿ, ನಾನು ಘಟ್ಟದ ಮೇಲೆ ಇಂಥದ್ದೇ ಕಡತಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಮೊದಲು ಆ ದುಡ್ಡು ಹೇಗೆ ಹಂಚಿಕೆಯಾಯಿತು ಅಂತ ಹೇಳುತ್ತೇನೆ, ಆಗ ಪಟ್ಟಿಯಲ್ಲಿ ಏನು ನೋಡಬೇಕು ಅಂತ ತಿಳಿಯುತ್ತದೆ.

2020ರ ಮೇ 6ಕ್ಕೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಹೇಳಿದರು. ಅದರಲ್ಲಿ ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000. ಹಣ್ಣು, ತರಕಾರಿಯವರದ್ದು ಬಂದದ್ದು ಮೇ 14ಕ್ಕೆ: ಹೆಕ್ಟೇರಿಗೆ 15,000, ಒಬ್ಬರಿಗೆ 1 ಹೆಕ್ಟೇರ್ ಮಿತಿ, ಒಟ್ಟು 137 ಕೋಟಿ. ಆ ಮೊತ್ತ ಎಲ್ಲಿಂದ ಬಂತು ಗೊತ್ತಾ? ರಾಜ್ಯದಲ್ಲಿ ತರಕಾರಿ 50,083 ಹೆಕ್ಟೇರ್, ಹಣ್ಣು 41,054 ಹೆಕ್ಟೇರ್ ಅಂತ ಹಿಡಿದು 15,000ದಿಂದ ಗುಣಿಸಿದ್ದು. ಅಂದರೆ ದುಡ್ಡಿಗೆ ಮೊದಲು ಪಟ್ಟಿ ಇತ್ತು. ನಿನ್ನ ಗೇಣಿ ಎಕರೆ ಆ 50,083ರ ಒಳಗೆ ಇತ್ತೋ ಇಲ್ಲವೋ, ಅಷ್ಟೇ ಪ್ರಶ್ನೆ. ಮರು ವರ್ಷ 2021ರ ಮೇ 19ರ ಪ್ಯಾಕೇಜಿನಲ್ಲಿ ಹೆಕ್ಟೇರಿಗೆ 10,000ಕ್ಕೆ ಇಳಿಯಿತು. ಹಣ್ಣು ತರಕಾರಿಗೆ ಒಟ್ಟು 69 ಕೋಟಿ.

ಈ ಪಟ್ಟಿಯ ಬುಡ ಬೆಳೆ ಸಮೀಕ್ಷೆ. ಊರಿನ ಒಬ್ಬ ಹುಡುಗನನ್ನು ನೇಮಿಸುತ್ತಾರೆ. ಅವನು ಸರ್ವೆ ನಂಬರ್ ಹಿಡಿದು ಗದ್ದೆಗೆ ಹೋಗಿ, ಮೊಬೈಲಿನಲ್ಲಿ ಬೆಳೆಯ ಫೋಟೋ ತೆಗೆದು ಹಾಕಬೇಕು. 2020ರ ಮುಂಗಾರಿನಿಂದ ರೈತರೇ ಆ್ಯಪಿನಲ್ಲಿ ಹಾಕುವ ಅವಕಾಶವೂ ಬಂತು. ಮುಂಗಾರು, ಹಿಂಗಾರು, ಬೇಸಿಗೆ ಅಂತ ಬೇರೆ ಬೇರೆ ಸುತ್ತು. ಮುಂಗಾರಿನ ಸುತ್ತು ಚೆನ್ನಾಗಿ ನಡೆಯುತ್ತದೆ, ಆಮೇಲಿನದಕ್ಕೆ ಉಮೇದು ಕಡಿಮೆ. ನಿಮ್ಮ ಈರುಳ್ಳಿ ಭತ್ತದ ನಂತರದ್ದು. ಭತ್ತ ಕೊಯ್ದು ಕೂಳೆ ನಿಂತಿರುವಾಗ ಹುಡುಗ ಬಂದು ಹೋದರೆ ಬೀಳು ಅಂತ ದಾಖಲಾಗುತ್ತದೆ. ನಮ್ಮ ಕಡೆಯ ಗೋಳು ಬೇರೆ. ಅಡಿಕೆ ತೋಟದ ಒಳಗೆ ಬಾಳೆ ಇರುತ್ತದೆ. ಫೋಟೋದಲ್ಲಿ ಅಡಿಕೆ ಮರ ಕಾಣುತ್ತದೆ, ಅಡಿಕೆ ಅಂತ ಬರೆಯುತ್ತಾರೆ. ಬಾಳೆಗೊನೆ ತೋಟದಲ್ಲೇ ಹಣ್ಣಾಗಿ ಉದುರಿದರೂ ಬಾಳೆ ಬೆಳೆದವರ ಪಟ್ಟಿಯಲ್ಲಿ ಹೆಸರಿಲ್ಲ.

ಯಾರ ಅಪ್ಪಣೆಯೂ ಬೇಡದ ಎರಡು ಕೆಲಸ ನೀನೇ ಮಾಡಬಹುದು. ಆ ಎಕರೆಯ 2019-20ರ ಪಹಣಿ ತೆಗೆಸು. ಈಗಿನದ್ದಲ್ಲ, ಆ ಸಾಲಿನದ್ದು. ಪಹಣಿ ಯಾರು ಬೇಕಾದರೂ ತೆಗೆಸಬಹುದು, ಗದ್ದೆ ನಿನ್ನದೇ ಆಗಬೇಕಂತಿಲ್ಲ. 12ನೇ ಕಾಲಂನಲ್ಲಿ ಬೆಳೆ ನೋಡು. ಇನ್ನೊಂದು, ಬೆಳೆ ದರ್ಶಕ ಅಂತ ಸರ್ಕಾರದ್ದೇ ಆ್ಯಪ್ ಇದೆ. ಊರು, ಸರ್ವೆ ನಂಬರ್ ಹಾಕಿದರೆ ಯಾವ ಹಂಗಾಮಿಗೆ ಏನು ದಾಖಲಾಗಿದೆ ಅಂತ ಫೋಟೋ ಸಮೇತ ಬರುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಹಳೆಯದ್ದು ಮುಗಿದ ಕಥೆ, ಆದರೆ ಈ ಹಂಗಾಮಿನದ್ದು ಇವತ್ತೇ ನೋಡು. ಅವಧಿ ಮುಗಿದ ಮೇಲೆ ಯಾರೂ ಕೇಳುವುದಿಲ್ಲ.

---

ಕಾಳಿ ದಂಡೆ, ಕಾರವಾರ

ಅಕ್ಕ, ನಿಮ್ಮ ಉದ್ದೇಶ ಒಳ್ಳೆಯದು. ಆದರೂ ಪಟ್ಟಿ ಊರಿಗೆಲ್ಲ ಕಾಣುವ ಹಾಗೆ ಹೊರಗೆ ಬರುವುದಕ್ಕೆ ನನ್ನ ವಿರೋಧ ಇದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಅಣ್ಣನಿಗೆ ಆ ವರ್ಷ ಕಲ್ಲಂಗಡಿಗೆ ಅಂತ ದುಡ್ಡು ಬಂತು. ಬಂದ ಸುದ್ದಿ ಹೇಗೋ ಹೊರಗೆ ಹೋಯಿತು. ಕೈಗಡ ಕೊಟ್ಟವರು ಮಾರನೇ ದಿನ ಬಾಗಿಲಲ್ಲಿ ನಿಂತರು. ಅತ್ತಿಗೆ ಆ ದುಡ್ಡನ್ನು ಮಗುವಿನ ಔಷಧಿಗೆ ಅಂತ ಲೆಕ್ಕ ಹಾಕಿದ್ದರು. ಅದೂ ಹೋಯಿತು. ಕಷ್ಟಕಾಲದಲ್ಲಿ ಬಂದ ದುಡ್ಡಿಗೆ ಸ್ವಲ್ಪ ಮರೆ ಬೇಕು. ಊರೆಲ್ಲ ನೋಡಲಿ ಅಂತ ಹಾಕಿದರೆ ಬಡವನಿಗೇ ಮೊದಲು ಪೆಟ್ಟು.

ಇನ್ನು ಮೋಸದ ಫೋನ್. ಹೆಸರು, ಊರು, ಯೋಜನೆ, ಮೊತ್ತ ಇಷ್ಟು ಗೊತ್ತಿದ್ದರೆ ಸಾಕು. "ನಿಮ್ಮ ಎರಡನೇ ಕಂತು ತಡೆದಿದೆ, ಒಟಿಪಿ ಹೇಳಿ" ಅಂತ ಕರೆ ಬರುತ್ತದೆ. ನಮ್ಮ ತಾಯಿಯಂಥವರು ಹೇಳಿಬಿಡುತ್ತಾರೆ. ನಿಮ್ಮ ಹಕ್ಕಿನ ಜೊತೆ ಇದನ್ನೂ ಯೋಚಿಸಿ.

---

ಅನಾನಸ್ ಹಾಡಿ, ಬನವಾಸಿ ಹೋಬಳಿ

ಕಾರವಾರದ ಅಣ್ಣ ಹೇಳಿದ್ದು ದುಡ್ಡು ಬಂದವರ ಕಷ್ಟ. ನಾನು ಬಾರದವರ ಕಡೆಯಿಂದ ಹೇಳುತ್ತೇನೆ.

ನಮ್ಮಲ್ಲಿ ಅನಾನಸ್ ಜಾಸ್ತಿ. ಲಾರಿ ಉತ್ತರದ ಪೇಟೆಗಳಿಗೆ ಹೋಗಬೇಕು. 2020ರ ಏಪ್ರಿಲಿನಲ್ಲಿ ಲಾರಿ ಬರಲಿಲ್ಲ. ಹಣ್ಣು ಹೊಲದಲ್ಲೇ ಹಳದಿಯಾಗಿ ಬಿರಿದು ನೊಣ ಮುತ್ತಿದವು. ನಮ್ಮ ತಂದೆ ಮಾಡುವ ಜಾಗದ ಒಂದು ಭಾಗ ಅತಿಕ್ರಮಣದ್ದು. ಅಜ್ಜನ ಕಾಲದಿಂದ ಇದೆ, ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ್ದೇವೆ, ಹಕ್ಕುಪತ್ರ ಇಲ್ಲ. ಪಹಣಿ ಇಲ್ಲದ ಮೇಲೆ ಸಮೀಕ್ಷೆಯಲ್ಲಿ ಸರ್ವೆ ನಂಬರ್ ಎಲ್ಲಿಂದ ಬರಬೇಕು? ಹಣ್ಣು ಎಲ್ಲರ ಕಣ್ಣೆದುರು ಕೊಳೆಯಿತು. ಕಾಗದದಲ್ಲಿ ಆ ಜಾಗ ಕಾಡು.

ನಮ್ಮ ಜಿಲ್ಲೆಯಲ್ಲಿ ಇಂಥ ಮನೆಗಳು ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು. ಪಟ್ಟಿ ಹೊರಗೆ ಬಂದರೆ ನಮಗೆ ದುಡ್ಡು ಬರುವುದಿಲ್ಲ, ಅದು ನಿಜ. ಆದರೆ "ಈ ಊರಿನಲ್ಲಿ ಅನಾನಸ್ ಇಷ್ಟೇ ಎಕರೆ" ಅಂತ ಬರೆದದ್ದು ತಪ್ಪು ಅಂತ ತೋರಿಸುವುದಕ್ಕಾದರೂ ಕೈಯಲ್ಲಿ ಒಂದು ಕಾಗದ ಇರುತ್ತದೆ. ಅಕ್ಕ, ಅರ್ಜಿ ಬರೆದರೆ ನನಗೂ ಒಂದು ಪ್ರತಿ ಕಳಿಸಿ. ನಮ್ಮ ಊರಿಗೂ ಹಾಕುತ್ತೇನೆ.

---

ಹತ್ತು ರೂಪಾಯಿ ಅರ್ಜಿ, ಸಿದ್ದಾಪುರ

ಮಾಹಿತಿ ಹಕ್ಕಿನ ಅರ್ಜಿ ಹಾಕುವುದು, ಹಾಕಿಸುವುದು ನನಗೆ ರೂಢಿ. ಅಕ್ಕನ ಪ್ರಶ್ನೆಗೆ ಉತ್ತರ: ಹಕ್ಕು ಇದೆ. ಕೇಳಲೇಬೇಕಾಗಿಯೂ ಇರಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂನ 12ನೇ ಅಂಶ ನೋಡಿ. ಸಹಾಯಧನದ ಯೋಜನೆ ಹೇಗೆ ಜಾರಿಯಾಯಿತು, ಎಷ್ಟು ದುಡ್ಡು ಇಟ್ಟರು, ಫಲಾನುಭವಿಗಳು ಯಾರು ಅನ್ನುವುದನ್ನು ಯಾರೂ ಅರ್ಜಿ ಹಾಕದೆಯೇ ಇಲಾಖೆ ತಾನಾಗಿ ಪ್ರಕಟಿಸಬೇಕು ಅಂತ ಅದರಲ್ಲಿದೆ. ಹಾಗಾಗಿ ನೀವು ಯಾರ ಗುಟ್ಟನ್ನೂ ಕೆದಕುತ್ತಿಲ್ಲ. ಅವರು ಹಾಕಬೇಕಿದ್ದ ಪಟ್ಟಿಯನ್ನು ಕೇಳುತ್ತಿದ್ದೀರಿ.

"ವೈಯಕ್ತಿಕ ಮಾಹಿತಿ" ಅಂತ ಹೇಳುವುದು ಅದೇ ಕಾಯ್ದೆಯ 8(1)(ಜೆ) ಕಲಂ ಹಿಡಿದುಕೊಂಡು, ವೈಯಕ್ತಿಕ ಮಾಹಿತಿ ಕೊಡಬೇಕಾಗಿಲ್ಲ ಅನ್ನುವುದು ಅದರಲ್ಲಿದೆ. ಮೊದಲು ಆ ಕಲಂನ ಒಳಗೇ ಸಾರ್ವಜನಿಕ ಹಿತ ಇದ್ದರೆ ಕೊಡಬೇಕು ಅನ್ನುವ ಮಾತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ತೆಗೆದು ಕಲಂ ಬಿಗಿ ಮಾಡಿದೆ. ಇದು ಒಳ್ಳೆಯದಲ್ಲ, ನನಗೆ ಇದರ ಬಗ್ಗೆ ತುಂಬಾ ಬೇಜಾರಿದೆ. ಆದರೆ 8(2) ಹಾಗೇ ಉಳಿದಿದೆ: ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು. 4ನೇ ಕಲಂ ಕೂಡ ಅಲ್ಲೇ ಇದೆ. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ.

ಕಾರವಾರದವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಬೇರೆ ಕಡೆಯೂ ಇದೇ ಜಗಳ ನಡೆದಿದೆ. ಯುರೋಪಿನಲ್ಲಿ ಕೃಷಿ ಸಹಾಯಧನ ಪಡೆದ ಪ್ರತಿಯೊಬ್ಬರ ಹೆಸರು, ಮೊತ್ತವನ್ನು ಜಾಲತಾಣದಲ್ಲಿ ಹಾಕುತ್ತಿದ್ದರು. ಜರ್ಮನಿಯ ರೈತರು ಕೋರ್ಟಿಗೆ ಹೋದರು. 2010ರ ನವೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ವ್ಯಕ್ತಿಗಳ ಹೆಸರನ್ನು ಹೀಗೆ ಸಾರಾಸಗಟಾಗಿ ಹಾಕುವುದು ತಪ್ಪು ಅಂದಿತು. ಆಮೇಲೆ ನಿಯಮ ಬದಲಾಯಿತು. ಸಣ್ಣ ಮೊತ್ತ, ಸುಮಾರು 1,250 ಯೂರೋ ಒಳಗೆ ಪಡೆದವರ ಹೆಸರು ಮುಚ್ಚಿ, ಉಳಿದವರದ್ದು ತೆರೆದಿಡುವುದು ಅಂತ. ಅಮೆರಿಕದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ 2020ರಲ್ಲಿ ಕೊರೋನಾ ಹೆಸರಿನಲ್ಲಿ ರೈತರಿಗೆ ಕೊಟ್ಟ ನೆರವಿನಲ್ಲಿ ಒಬ್ಬರಿಗೆ 2,50,000 ಡಾಲರ್ ತನಕ ಮಿತಿ ಇತ್ತು. ಕೃಷಿ ಸಹಾಯಧನ ಯಾರಿಗೆ ಎಷ್ಟು ಹೋಯಿತು ಅಂತ ಸರ್ಕಾರದ ದಾಖಲೆ ತರಿಸಿಕೊಂಡು ಹೆಸರು ಸಮೇತ ಹಾಕುವ ಒಂದು ಸಂಸ್ಥೆ ಅಲ್ಲಿದೆ. ದೊಡ್ಡ ಜಮೀನಿನವರಿಗೇ ಸಿಂಹಪಾಲು ಅಂತ ಜನರಿಗೆ ಕಂಡದ್ದು ಅಂಥ ಪಟ್ಟಿಗಳಿಂದ.

ಯುರೋಪಿನ ಅಳತೆ ಹಿಡಿದರೆ ನಮ್ಮಲ್ಲಿ ಒಬ್ಬರ ಹೆಸರೂ ಹೊರಗೆ ಬರುವುದಿಲ್ಲ. 1,250 ಯೂರೋ ಅಂದರೆ ಲಕ್ಷದ ಮೇಲೆ. ನಮ್ಮದು ಹೆಚ್ಚೆಂದರೆ 15,000. ಹಾಗಂತ ಪಟ್ಟಿ ಬೇಡ ಅನ್ನಲು ಆಗುತ್ತಾ? ಸಣ್ಣ ಮೊತ್ತ ಲಕ್ಷಗಟ್ಟಲೆ ಖಾತೆಗೆ ಹೋದಾಗ ತಪ್ಪೂ ಲಕ್ಷಗಟ್ಟಲೆ ಆಗುತ್ತದೆ. ಪಿಎಂ ಕಿಸಾನ್‌ನಲ್ಲಿ 42 ಲಕ್ಷಕ್ಕೂ ಜಾಸ್ತಿ ಅನರ್ಹರಿಗೆ 3,000 ಕೋಟಿಯ ಹತ್ತಿರ ದುಡ್ಡು ಹೋಗಿದೆ ಅಂತ 2021ರ ಜುಲೈಯಲ್ಲಿ ಕೇಂದ್ರ ಕೃಷಿ ಸಚಿವರೇ ಸಂಸತ್ತಿಗೆ ಹೇಳಿದ್ದಾರೆ.

ಅರ್ಜಿಯ ವಿಷಯ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಶುಲ್ಕ 10 ರೂಪಾಯಿ, ಬಿಪಿಎಲ್ ಆಗಿದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ 30 ದಿನದ ಒಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದ ಒಳಗೆ ಮಾಹಿತಿ ಆಯೋಗಕ್ಕೆ. "ಯಾಕೆ ಬೇಕು" ಅಂತ ಕೇಳಿದರೆ ಕಾರಣ ಹೇಳಬೇಕಾಗಿಲ್ಲ, 6(2) ಕಲಂನಲ್ಲಿ ಸ್ಪಷ್ಟವಾಗಿದೆ. ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಬೇಡ ಅಂತ ನೀವೇ ಮೊದಲು ಬರೆದುಬಿಡಿ. ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

---

ಹೆದ್ದಾರಿ ಬದಿ ಗದ್ದೆ, ಕುಮಟಾ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಶಿರಸಿಯ ಅಣ್ಣ ಹೇಳಿದ ಹಾಗೆ ಹಳೇ ಪಹಣಿ ತೆಗೆಸಿದೆ. ಗೇಣಿ ಎಕರೆಯಲ್ಲಿ ಭತ್ತ ಅಂತ ಮಾತ್ರ ಇದೆ. ಈರುಳ್ಳಿ ಎಲ್ಲೂ ಇಲ್ಲ. ನಮ್ಮ 20 ಗುಂಟೆಯದ್ದರಲ್ಲಿ ಇದೆ. ನಡುವೆ ಇರುವುದು ಒಂದು ಬದು ಅಷ್ಟೇ, ಬಾವಿ ಒಂದೇ, ಬೀಜ ಒಂದೇ, ನೆಟ್ಟದ್ದೂ ಅದೇ ವಾರ. ಈ ಕಡೆ ಈರುಳ್ಳಿ ಇತ್ತು, ಆ ಕಡೆ ಇರಲಿಲ್ಲ ಅಂತ ದಾಖಲೆ ಹೇಳುತ್ತಿದೆ. ನೋಡಿ ಹೊಟ್ಟೆ ಉರಿಯಿತು.

ಅಂದರೆ ಮುಂಬೈಯವರಿಗೂ ಬಂದಿರಲಿಕ್ಕಿಲ್ಲ. ಯಾರಿಗೂ ಬಂದಿರಲಿಕ್ಕಿಲ್ಲ. ಇಷ್ಟು ವರ್ಷ ಊರಿನಲ್ಲಿ ಕೆಲವರು "ಒಡೆಯರು ತಗೊಂಡಿದ್ದಾರೆ, ನಿಮಗೆ ಹೇಳಿಲ್ಲ" ಅಂತ ನಮ್ಮ ಕಿವಿಗೆ ಹಾಕುತ್ತಿದ್ದರು. ಅತ್ತೆಯವರಂತೂ ಅದನ್ನೇ ನಂಬಿದ್ದರು. ಪಟ್ಟಿ ಪಂಚಾಯ್ತಿಯಲ್ಲಿ ಆಗಲೇ ಇದ್ದಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ಕಾರವಾರದ ತಮ್ಮಾ, ನಿನ್ನ ಅತ್ತಿಗೆಯ ವಿಷಯ ಓದಿ ನನಗೂ ಸಂಕಟವಾಯಿತು. ನಾನು ಇದನ್ನು ಬಹಳ ಯೋಚಿಸಿದೆ. ಸರ್ವೆ ನಂಬರ್, ಬೆಳೆ, ಗುಂಟೆ, ಮೊತ್ತ ಇಷ್ಟೇ ಸಾಕು ಅಂತ ನನಗೆ ಅನ್ನಿಸುತ್ತದೆ. ಯಾವ ಗದ್ದೆಯಲ್ಲಿ ಆ ವರ್ಷ ಏನಿತ್ತು ಅಂತ ನೆರೆಯವರಿಗೆ ಗೊತ್ತು. ಹೆಸರು ಬರೆಯದಿದ್ದರೂ ತಪ್ಪು ಹಿಡಿಯಬಹುದು. ಫೋನ್ ಮಾಡಿ ಮೋಸ ಮಾಡುವ ದೂರದವನಿಗೆ ಸರ್ವೆ ನಂಬರಿನಿಂದ ನಿನ್ನ ತಾಯಿಯ ಫೋನ್ ನಂಬರ್ ಸಿಗುವುದಿಲ್ಲ. ಸಾಲ ಕೊಟ್ಟವರು ಬರುವುದನ್ನು ಇದರಿಂದ ಪೂರ್ತಿ ತಪ್ಪಿಸಲು ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅವರಿಗೆ ಪಟ್ಟಿ ಇಲ್ಲದೆಯೂ ಸುದ್ದಿ ಸಿಕ್ಕಿತ್ತಲ್ವಾ? ಪಟ್ಟಿ ಮುಚ್ಚಿಟ್ಟರೆ ಓಡಾಟ ಇದ್ದವರಿಗೆ, ಪರಿಚಯ ಇದ್ದವರಿಗೆ ಎಲ್ಲ ಗೊತ್ತಾಗುತ್ತದೆ. ಗೊತ್ತಾಗದೇ ಉಳಿಯುವುದು ನಮ್ಮ ಕೇರಿಯ ಆ ಅಕ್ಕನಂಥವರಿಗೆ.

ಗೇಣಿಯದ್ದು ಮಾತ್ರ ಪಟ್ಟಿಯಿಂದ ಬಗೆಹರಿಯುವುದಿಲ್ಲ ಅಂತ ನನಗೆ ಗೊತ್ತು. ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆಯ ನಂತರ, ಕೆಲವು ವಿನಾಯಿತಿ ಬಿಟ್ಟರೆ, ಗೇಣಿಗೆ ಕೊಡಲು ಕಾನೂನಿನಲ್ಲಿ ಅವಕಾಶ ಇಲ್ಲ. ಆ ಕಾನೂನಿನಿಂದಲೇ ನಮ್ಮ ಯಜಮಾನರ ಅಜ್ಜನಿಗೆ ಈ 20 ಗುಂಟೆ ಸಿಕ್ಕಿದ್ದು, ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಈಗ ಗೇಣಿ ಎಲ್ಲ ಬಾಯಿಮಾತಿನಲ್ಲಿ ನಡೆಯುತ್ತಿದೆ. ಒಡೆಯರು ಬರೆದುಕೊಡಲು ಹೆದರುತ್ತಾರೆ, ನಾವು ಕೇಳಲು ಹೆದರುತ್ತೇವೆ. ಕರಾವಳಿಯಲ್ಲಿ ಗದ್ದೆ ಮಾಡುವವರು ಬೇರೆ, ಪಹಣಿಯವರು ಬೇರೆ. ಬೆಳೆ ಹೋದಾಗ ಬೆಳೆದವರಿಗೆ ಕೊಡಲು ಸಮೀಕ್ಷೆಯಲ್ಲಿ ಒಂದು ಜಾಗ ಬೇಕು. ಹಕ್ಕು ಬೇಡ, ಮಾಲಕತ್ವ ಬೇಡ. ಈ ಹಂಗಾಮಿಗೆ ಇಲ್ಲಿ ಬೆವರು ಸುರಿಸಿದ್ದು ಯಾರು ಅಂತ ಒಂದು ಸಾಲು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವಿಗೆ ಹಾಕಿ ಅಂತ ಕೇಳುತ್ತೇನೆ. ನಾಲ್ಕು ಮನೆಯ ಹೆಂಗಸರು ಜೊತೆಗೆ ಬರುತ್ತೇವೆ ಅಂದಿದ್ದಾರೆ.

ಮುಂಬೈಗೂ ಫೋನ್ ಮಾಡಿದೆ. "ಸಮೀಕ್ಷೆಯವರು ಬಂದರೆ ಈರುಳ್ಳಿ ಅಂತಲೇ ಬರೆಸು, ದುಡ್ಡು ಬಂದರೆ ನಿನ್ನ ಖಾತೆಗೇ ಹಾಕುತ್ತೇನೆ" ಅಂದರು.

ಅರ್ಜಿ ಹೀಗೆ ಬರೆದಿದ್ದೇನೆ, ಸಿದ್ದಾಪುರದವರು ಒಮ್ಮೆ ನೋಡಿ:

"ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 6(1)ರಂತೆ ಅರ್ಜಿ. ವಿಷಯ: ಕೋವಿಡ್ ಲಾಕ್‌ಡೌನ್‌ನಿಂದ ನಷ್ಟವಾದ ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ 2020 ಮತ್ತು 2021ರಲ್ಲಿ ನೀಡಿದ ಪರಿಹಾರ. ನಮ್ಮ ಗ್ರಾಮಕ್ಕೆ ಸಂಬಂಧಿಸಿ, ಸರ್ವೆ ನಂಬರ್‌ವಾರು ಬೆಳೆ, ವಿಸ್ತೀರ್ಣ, ಮಂಜೂರಾದ ಮೊತ್ತ, ಪಾವತಿಯಾದ ದಿನಾಂಕ, ಹಾಗೂ ತಿರಸ್ಕಾರವಾದ ಅರ್ಜಿಗಳ ಸರ್ವೆ ನಂಬರ್ ಮತ್ತು ಕಾರಣ ಇರುವ ಪಟ್ಟಿಯ ನಕಲು ಕೊಡಬೇಕು. ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಬೇಕಾಗಿಲ್ಲ, ಅವನ್ನು ಮುಚ್ಚಿ ಕೊಡಬಹುದು. ಇದು ಕಲಂ 4(1)(ಬಿ)(12)ರಂತೆ ಪ್ರಕಟಿಸಬೇಕಾದ ಮಾಹಿತಿ. ಕಲಂ 8(2) ಸಹ ಗಮನಿಸಬೇಕಾಗಿ ವಿನಂತಿ."

---

ಹತ್ತು ರೂಪಾಯಿ ಅರ್ಜಿ, ಸಿದ್ದಾಪುರ

ಚೆನ್ನಾಗಿದೆ ಅಕ್ಕ. ತಿರಸ್ಕಾರವಾದ ಅರ್ಜಿಗಳ ಕಾರಣ ಕೇಳಿದ್ದು ಬಹಳ ಒಳ್ಳೆಯದಾಯಿತು, ಅದನ್ನು ಯಾರೂ ಕೇಳುವುದಿಲ್ಲ. ಒಂದೇ ತಿದ್ದುಪಡಿ. 2020ರದ್ದು, 2021ರದ್ದು ಬೇರೆ ಬೇರೆ ಆದೇಶ. ಎರಡು ವಿಷಯ ಅಂತ ನೆಪ ಹೇಳಿ ವಾಪಸ್ ಕಳಿಸಬಹುದು. ಎರಡು ಅರ್ಜಿ ಮಾಡಿ, 10 ರೂಪಾಯಿ ಜಾಸ್ತಿ ಹೋಗುತ್ತದೆ ಅಷ್ಟೇ. ಅಂಚೆಯಲ್ಲಿ ಕಳಿಸುವುದಕ್ಕಿಂತ ಕೈಯಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. 30 ದಿನದ ಲೆಕ್ಕ ಅಲ್ಲಿಂದ ಶುರು.

ಬನವಾಸಿಯವರು ತಮ್ಮ ಅರ್ಜಿಯಲ್ಲಿ ಗ್ರಾಮದ ಒಟ್ಟು ಅನಾನಸ್ ವಿಸ್ತೀರ್ಣ ಸಮೀಕ್ಷೆಯಲ್ಲಿ ಎಷ್ಟು ಅಂತ ಒಂದು ಸಾಲು ಸೇರಿಸಿ. ಅರಣ್ಯ ಹಕ್ಕಿನ ಅರ್ಜಿಯ ಸ್ವೀಕೃತಿ ಇದ್ದರೆ ಅದರ ನಕಲನ್ನೂ ಹತ್ತಿರ ಇಟ್ಟುಕೊಳ್ಳಿ, ಮೇಲ್ಮನವಿಗೆ ಹೋದರೆ ಬೇಕಾಗುತ್ತದೆ.